ಬೇವಿನ ಮರದ ಲೆಕ್ಕ
(ಸದಲಗಾ: ಜುಮಾ ಪ್ರವಚನದ ಸಾರಾಂಶ)

ಸಹೋದರರೇ, ಓಣಿಯ ಬೇವಿನ ಮರ ಕಡಿಯುವ ಮಾತು ಬಂದಾಗ ನಾವು ಮೊದಲು ಕೇಳುವುದು ಕಟ್ಟಿಗೆಗೆ ಎಷ್ಟು ಬರುತ್ತದೆ ಎಂದು. ನೆರಳಿನ ಲೆಕ್ಕ ಹಾಕುವುದೇ ಇಲ್ಲ.

ಆ ಲೆಕ್ಕವನ್ನು ಬೆಂಗಳೂರಿನಲ್ಲಿ ಹಾಕಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೆ ತಂಪು. ರಸ್ತೆಯ ಮೇಲ್ಮೈ 27.5 ಡಿಗ್ರಿಯವರೆಗೆ. ಏಪ್ರಿಲ್ ತಿಂಗಳ ಜುಮಾ ಮುಗಿಸಿ, ಬಿಸಿಲಲ್ಲಿ ಬಿಟ್ಟ ಚಪ್ಪಲಿಗೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆರಳು ಬಿದ್ದ ಗೋಡೆಯ ಮನೆಯಲ್ಲಿ ಕೂಲರ್ ಕಡಿಮೆ ತಿರುಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ತರಕಾರಿ ಗಾಡಿಯವನಿಗಂತೂ ಆ ನೆರಳೇ ಅಂಗಡಿ.

ದೂಧಗಂಗೆಯ ದಡ, ಸುತ್ತ ಕಬ್ಬು, ನಮ್ಮೂರಲ್ಲಿ ಹಸಿರಿಗೇನು ಕೊರತೆ ಎನ್ನುವವರಿದ್ದಾರೆ. ಕಬ್ಬಿನ ಹಸಿರು ಶಾಲೆಗೆ ನಡೆದುಹೋಗುವ ಮಗುವಿನ ತಲೆಗೆ ನೆರಳಾಗುವುದಿಲ್ಲ.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ತಿಂದದ್ದೆಲ್ಲ ಅವನಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ; ಬುಖಾರಿಯಲ್ಲಿದೆ. ಹಾಗಾದರೆ ಕಾರಣವಿಲ್ಲದೆ ಕಡಿದವನ ಲೆಕ್ಕವೇನು? ನಾವೇ ಯೋಚಿಸಬೇಕು.

ಮುಂದಿನ ಜುಮಾದೊಳಗೆ ಮಕ್ಕಳನ್ನು ಕರೆದುಕೊಂಡು ನಿಮ್ಮ ಓಣಿಯ ಮರಗಳನ್ನು ಎಣಿಸಿ, ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಬರೆದು ತನ್ನಿ. ವುಝೂ ನೀರನ್ನು ಗಟಾರದ ಬದಲು ಗಿಡಗಳ ಬುಡಕ್ಕೆ ತಿರುಗಿಸುವುದನ್ನೂ ಅಂದೇ ನಿರ್ಧರಿಸೋಣ.