ಯುದ್ಧಸ್ಮೃತಿಗಳನ್ನು ಓದುವ ಬಗೆ

ಕಾವ್ಯವನ್ನು ಪಾಠ ಹೇಳಿದವನಿಗೆ ದಂಡನಾಯಕರ ಪುಸ್ತಕಗಳ ಗೊಡವೆ ಏಕೆಂದು ಮಿತ್ರರು ಕೇಳುವುದುಂಟು. ರನ್ನನನ್ನು ಓದಿದವರು ಹಾಗೆ ಕೇಳಲಾರರು. ‘ಗದಾಯುದ್ಧ’ದ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ, ದ್ರೋಣ, ದುಶ್ಶಾಸನ, ಕರ್ಣರನ್ನು ಒಬ್ಬೊಬ್ಬರಾಗಿ ಕಂಡು ಮರುಗುತ್ತಾನೆ. ಸೋತವನು ತನ್ನ ರಣಭೂಮಿಯನ್ನು ಮತ್ತೊಮ್ಮೆ ನಡೆದು ನೋಡುವುದೇ ಯುದ್ಧಸ್ಮೃತಿಯ ಮೂಲರೂಪವೆಂದು ನನ್ನ ಭಾವನೆ.

1962ರ ಅಕ್ಟೋಬರ್ 20ರ ನಸುಕಿನಲ್ಲಿ ಚೀನೀ ಸೇನೆಯು, ಇಂದಿನ ಅರುಣಾಚಲ ಪ್ರದೇಶದ ಪಶ್ಚಿಮ ಅಂಚಿನ ನಮ್ಕಾ ಚು ಎಂಬ ಹೊಳೆಯ ದಂಡೆಯಲ್ಲಿದ್ದ ನಮ್ಮ ಏಳನೆಯ ಬ್ರಿಗೇಡಿನ ಮೇಲೆ ಎರಗಿತು. ಅದರ ಅಧಿಪತಿ ಬ್ರಿಗೇಡಿಯರ್ ಜಾನ್ ದಳವಿ ಎರಡು ದಿನಗಳ ತರುವಾಯ ಸೆರೆಯಾದರು; ಬಿಡುಗಡೆಯಾದದ್ದು 1963ರ ಮೇ ತಿಂಗಳಿನಲ್ಲಿ. ಅವರ ‘ಹಿಮಾಲಯನ್ ಬ್ಲಂಡರ್’ 1969ರಲ್ಲಿ ಪ್ರಕಟವಾಯಿತು. ಮುಂದೆ ರವಿ ಬೆಳಗೆರೆಯವರ ಅನುವಾದದ ಮೂಲಕ ಕನ್ನಡಕ್ಕೂ ಬಂದಿತು. ಅದಕ್ಕೂ ಮೊದಲೇ, 1967ರಲ್ಲಿ, ಆ ರಂಗದ ದಂಡನಾಯಕರಾಗಿದ್ದ ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ‘ದಿ ಅನ್‌ಟೋಲ್ಡ್ ಸ್ಟೋರಿ’ಯನ್ನು ಬರೆದಿದ್ದರು.

ಹೊಳೆ ಒಂದೇ, ಸೋಲು ಒಂದೇ, ಕಥೆ ಎರಡು. ಕೌಲರದು ಸಮರ್ಥನೆ, ದಳವಿಯವರದು ಆಪಾದನೆ. ಆದರೆ ದಳವಿಯವರ ಪುಸ್ತಕ ಮನಸ್ಸಿನಲ್ಲಿ ನಿಲ್ಲುವುದು ಆಪಾದನೆಯಿಂದಲ್ಲ, ಸಣ್ಣ ವಿವರಗಳಿಂದ. ಹಿಮದ ನಾಡಿಗೆ ಬೇಸಗೆಯ ಉಡುಪಿನಲ್ಲಿ ಏರಿದ ಜವಾನರು, ದಿನಗಟ್ಟಲೆ ನಡಿಗೆಯ ದೂರದಲ್ಲೇ ನಿಂತುಹೋದ ರಸ್ತೆ, ವಿಮಾನದಿಂದ ಎಸೆದರೆ ಕಮರಿಗೆ ಬೀಳುವ ಸಾಮಗ್ರಿ: ಇವನ್ನು ಕಂಡವನು ಮಾತ್ರ ಹೀಗೆ ಹೇಳಬಲ್ಲ.

ಇಂಥ ಪುಸ್ತಕಗಳನ್ನು ಜೋಡಿಯಾಗಿ ಓದಬೇಕು. ಒಬ್ಬರು ವಿಸ್ತರಿಸಿದ್ದನ್ನು ಇನ್ನೊಬ್ಬರು ಎಲ್ಲಿ ಒಂದೇ ವಾಕ್ಯದಲ್ಲಿ ದಾಟುತ್ತಾರೆಂದು ಗಮನಿಸಬೇಕು. ವ್ಯಾಕರಣವೂ ಸಾಕ್ಷಿ ನುಡಿಯುತ್ತದೆ. ಗೆಲುವಿನ ಪುಟದಲ್ಲಿ ‘ನಾನು ನಿರ್ಧರಿಸಿದೆ’ ಎಂದವರು ಸೋಲಿನ ಪುಟಕ್ಕೆ ಬಂದಾಗ ‘ನಿರ್ಧರಿಸಲಾಯಿತು’ ಎನ್ನುತ್ತಾರೆ. 1942ರಲ್ಲಿ ಬರ್ಮಾದಿಂದ ಹಿಮ್ಮೆಟ್ಟಿ, 1945ರಲ್ಲಿ ಅದನ್ನು ಮರಳಿ ಗೆದ್ದ ವಿಲಿಯಂ ಸ್ಲಿಮ್ ಇದಕ್ಕೆ ಅಪವಾದ. 1956ರ ‘ಡಿಫೀಟ್ ಇನ್‌ಟು ವಿಕ್ಟರಿ’ಯಲ್ಲಿ ತಮ್ಮ ತಪ್ಪುಗಳಿಗೆ ಅವರು ತಾವೇ ಕರ್ತೃಪದವಾಗಿ ನಿಲ್ಲುತ್ತಾರೆ.

1962ರ ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಗಿತ್ತು. 2014ರಲ್ಲಿ ಅದರ ಒಂದು ಭಾಗ ಹೊರಬಿದ್ದರೂ ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದಾಖಲೆ ಮೌನವಾಗಿರುವಲ್ಲಿ ಸ್ಮೃತಿಗಳೇ ಸಾಕ್ಷಿ. ತೂಗಿ ನೋಡುವ ಹೊಣೆ ಓದುಗನದು.

ಆ ತಕ್ಕಡಿಯಲ್ಲಿ ಒಂದು ತಟ್ಟೆ ಎಂದೂ ಬರಿದು. ನಮ್ಕಾ ಚು ದಂಡೆಯಲ್ಲಿ ಮಡಿದ ಜವಾನ ಪುಸ್ತಕ ಬರೆಯಲಿಲ್ಲ. ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅಲ್ಲಿ ಮಡಿದವನದೇ ಕಥೆ. ಓದು ಕೆಳಗಿನಿಂದಲೇ ಆರಂಭ. ದಂಡನಾಯಕರ ಪುಸ್ತಕಗಳನ್ನೂ ನಾವು ಹಾಗೆಯೇ, ಕೆಳಗಿನ ಪಟ್ಟಿಕೆಯಿಂದ ಓದತೊಡಗಬೇಕು.