ಕಂಠಾಭರಣದಂಥ ಒಂದು ಸಂಖ್ಯೆ



ದಾವಣಗೆರೆಯಿಂದ ರೈಲಿನಲ್ಲಿ ಹರಿಹರಕ್ಕೆ ಹೋಗಿ, ತುಂಗಭದ್ರೆಯನ್ನು ಕಂಡು, ಅದೇ ಹಾದಿಯಲ್ಲಿ ಮರಳುವವರಿಗೆ, ಹೋಗುವಾಗ ಕಂಡುದೆಲ್ಲವೂ ಬರುವಾಗ ತಿರುವುಮುರುವಾಗಿ ಎದುರಾಗುತ್ತದೆ. ಇಂಥದೇ ಪ್ರಯಾಣ ಮಾಡುವ ಸಂಖ್ಯೆಯೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇವೆ. ಆ ಸಂಖ್ಯೆ 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕ ಈ ಸಂಖ್ಯೆಯು ಒಂದರಿಂದ ಹೊರಟು, ಆರನ್ನು ಮುಟ್ಟಿ, ಮತ್ತೆ ಒಂದಕ್ಕೇ ಮರಳುತ್ತದೆ.

ಇದು ಕನ್ನಡನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅದರ ಗುಣಾಕಾರದ ಲೆಕ್ಕಗಳಲ್ಲಿ 27994681ನ್ನು 441ರಿಂದ ಗುಣಿಸಬೇಕೆಂಬುದೊಂದು. ಲಬ್ಧವು ನಮ್ಮ ಸಂಖ್ಯೆಯೇ. ಎರಡು ಕಡೆಯಿಂದಲೂ ಒಂದೇ ಬಗೆಯಾಗಿ ತೋರುವ ಇಂಥ ಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದನು.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111 ಬರುತ್ತದೆ. ಆದುದರಿಂದ ನಮ್ಮ ಸಂಖ್ಯೆಯು ಆರು ಒಂದುಗಳ ವರ್ಗವೇ ಸರಿ. ಆ ಗುಣಾಕಾರವನ್ನು ಕಾಗದದ ಮೇಲೆ ಮಾಡಿದರೆ, 111111 ಎಂಬ ಸಾಲನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಬಾರಿ ಬರೆಯಬೇಕಾಗುತ್ತದೆ. ಕೂಡುವಾಗ ಮೊದಲ ಕಂಬದಲ್ಲಿ ಒಂದು ಒಂದು, ಎರಡನೆಯದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಕೆ. ಅಂಕೆಗಳ ಮೊತ್ತವೂ 36, ಎಂದರೆ ಆರರ ವರ್ಗ.

ಒಮ್ಮೆ ತರಗತಿಯಲ್ಲಿ ಇದನ್ನು ಹೇಳುತ್ತ, ಉತ್ಸಾಹದಲ್ಲಿ, ಎಷ್ಟು ಒಂದುಗಳನ್ನು ತೆಗೆದುಕೊಂಡರೂ ಹೀಗೆಯೇ ಎಂದು ನುಡಿದುಬಿಟ್ಟೆವು. ಮರುದಿನ ವಿದ್ಯಾರ್ಥಿಯೊಬ್ಬನು ಹತ್ತು ಒಂದುಗಳ ವರ್ಗವನ್ನು ಬರೆದು ತಂದನು: 1234567900987654321. ಏರುವ ದಾರಿಯಲ್ಲಿ ಎಂಟು ಕಾಣೆಯಾಗಿತ್ತು! ನಡುವಣ ಕಂಬದ ಮೊತ್ತ ಹತ್ತಾದುದರಿಂದ ಅಲ್ಲಿ ಸೊನ್ನೆ ನಿಂತು, ಕೈಯಲ್ಲಿ ಉಳಿದ ಒಂದು ಎಡಕ್ಕೆ ಸರಿಯಿತು. ಅಲ್ಲಿಯ ಒಂಬತ್ತು ಹತ್ತಾಗಿ, ಮತ್ತೊಂದು ಎಡಕ್ಕೆ ನಡೆದು, ಎಂಟನ್ನು ಒಂಬತ್ತು ಮಾಡಿತು. ತರಗತಿಯ ಎದುರು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಒಂಬತ್ತು ನಿದರ್ಶನಗಳು ನಿಜವಾದರೂ ಹತ್ತನೆಯದು ಸುಳ್ಳಾಗಬಹುದು; ಚೆಲುವು ಪ್ರಮಾಣವಲ್ಲ, ಕಾರಣವೇ ಪ್ರಮಾಣ.

1224ರಲ್ಲಿ ಹೊಯ್ಸಳ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಅರ್ಧಗಳು ಬೇರೆಯಾದರೂ ದೇವನೊಬ್ಬನೇ. ನಮ್ಮ ಸಂಖ್ಯೆಯಲ್ಲಾದರೋ ಒಂದರ್ಧ ಮತ್ತೊಂದರ ಪ್ರತಿಬಿಂಬ. ಎರಡೂ ಕಡೆ ಕಣ್ಣು ಮೊದಲು ಬೆರಗಾಗುತ್ತದೆ. ಬೆರಗಿನ ಬಳಿಕ ‘ಏಕೆ?’ ಎಂದು ಕೇಳುವುದು ಬುದ್ಧಿಯ ಕೆಲಸ. ಮನೆಯ ಮಕ್ಕಳ ಕೈಗೆ ಬಳಪ ಕೊಟ್ಟು, 111ನ್ನು 111ರಿಂದ ಗುಣಿಸುವಂತೆ ಹೇಳಿರಿ. ಲಬ್ಧವನ್ನು ಮಾತ್ರವಲ್ಲ, ಕಾರಣವನ್ನೂ ಕೇಳಿರಿ.