ಗಾಳಿಗೇ ತಿರುಗುವ ಗಾಳಿಯಂತ್ರ

ಗಾಳಿಯಂತ್ರವು ಬೀಸುವ ಗಾಳಿಯ ಶಕ್ತಿಯನ್ನು ಅಲಗುಗಳಿಂದ ಹಿಡಿದು, ತಿರುಗುವ ಅಚ್ಚಿಗೆ ದಾಟಿಸಿ, ಆ ಅಚ್ಚಿನಿಂದ ನೀರೆತ್ತುವ, ಕಾಳು ಬೀಸುವ ಅಥವಾ ವಿದ್ಯುತ್ತು ಹುಟ್ಟಿಸುವ ಕೆಲಸ ಮಾಡಿಸುತ್ತದೆ. ಅದರ ಮಾದರಿಗೂ ಇದೇ ನಿಯಮ: ಗಾಳಿಯೇ ಅದನ್ನು ತಿರುಗಿಸಬೇಕು, ತಿರುಗಿದ ಮೇಲೆ ಅದು ಏನಾದರೊಂದು ಕೆಲಸ ಮಾಡಬೇಕು. ಹಂಗಾರಕಟ್ಟೆಯ ಈ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇಂದು ತೆರೆದುಕೊಳ್ಳುವ ವಿಭಾಗಗಳು ಹಲವು. ಅವುಗಳ ಹಿಂದಿರುವ ಮಕ್ಕಳಿಗೂ ಶಿಕ್ಷಕರಿಗೂ ಸಂಘಟಕರಿಗೂ ಅಭಿನಂದನೆ ಸಲ್ಲಬೇಕು. ಆದರೆ ಈ ಮಾತುಗಳ ವಿಷಯ ಅವುಗಳಲ್ಲಿ ಒಂದು ಮಾತ್ರ: ಮನೆಯಲ್ಲಿ ಸಿಗುವ ಸಾಮಾನಿನಿಂದ ಕಟ್ಟಿದ, ನಿಜವಾಗಿ ದುಡಿಯುವ ಗಾಳಿಯಂತ್ರದ ಮಾದರಿ.

ಈ ಊರಿಗೆ ಗಾಳಿ ಹೊಸದಲ್ಲ. ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿ ಬೆಂಗ್ರೆಯ ಬಳಿ ಕಡಲು ಸೇರುವ ಅಳಿವೆಯ ಒಳಗಿರುವ ಹಂಗಾರಕಟ್ಟೆ, ಬಾರಕೂರಿನ ಬಂದರಾಗಿತ್ತು. ಇಲ್ಲಿಂದ ಅಕ್ಕಿ ಹೊತ್ತು ಹೊರಟ ಹಡಗುಗಳು ಹಾಯಿ ಬಿಚ್ಚಿ ಗಾಳಿಯ ಬಲದಲ್ಲೇ ಹೋದವು. ಹಾಯಿಯೂ ಗಾಳಿಯಂತ್ರದ ಅಲಗೂ ಮಾಡುವುದು ಒಂದೇ ಕೆಲಸ. ಓರೆಯಾಗಿ ನಿಂತು ಗಾಳಿಯ ದಿಕ್ಕನ್ನು ತುಸು ತಿರುಗಿಸಿ, ಆ ತಿರುಗಿಸುವಿಕೆಯಿಂದಲೇ ತಾನು ಪಕ್ಕಕ್ಕೆ ತಳ್ಳಿಸಿಕೊಳ್ಳುವುದು. ಹಾಯಿ ಹಡಗನ್ನು ಮುಂದಕ್ಕೆ ಒಯ್ಯುತ್ತದೆ, ಅಚ್ಚಿಗೆ ಸಿಕ್ಕಿಸಿದ ಅಲಗು ಸುತ್ತು ಹಾಕುತ್ತದೆ. ಬಿಸಿಲೇರಿದಂತೆ ನೆಲ ಕಾದು ಮೇಲಿನ ಗಾಳಿ ಹಗುರವಾಗಿ ಏರುತ್ತದೆ. ಆ ಜಾಗ ತುಂಬಲು ಮಧ್ಯಾಹ್ನದ ಹೊತ್ತಿಗೆ ಪಡುವಣ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ಬೆಳಗಿನ ಜಾವ ಮೂಡುಗಾಳಿ ಬರುತ್ತದೆ, ಆದರೆ ಅದು ಮಧ್ಯಾಹ್ನದ್ದಕ್ಕಿಂತ ಮೆದು. ಮಳೆಗಾಲದ ಗಾಳಿಯ ಲೆಕ್ಕವೇ ಬೇರೆ.

ಗಾಳಿಯಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನು ಮೊದಲೇ ತಿಳಿದರೆ ಮಾದರಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದೂ ತಿಳಿಯುತ್ತದೆ. ಅಲಗುಗಳ ಚಕ್ರ ತಿರುಗುವ ವೃತ್ತದ ವಿಸ್ತೀರ್ಣ, ಗಾಳಿಯ ಸಾಂದ್ರತೆ, ಗಾಳಿಯ ವೇಗದ ಘನ, ಇವು ಮೂರನ್ನೂ ಗುಣಿಸಿ ಅರ್ಧ ಮಾಡಿದರೆ ಸಿಗುವುದೇ ಆ ವೃತ್ತದ ಮೂಲಕ ಹಾಯುವ ಗಾಳಿಯ ಸಾಮರ್ಥ್ಯ. 50 ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 3 ವ್ಯಾಟ್ ಸಿಗುತ್ತದೆ. ಗಾಳಿ 6 ಮೀಟರ್ ವೇಗಕ್ಕೇರಿದರೆ 25 ವ್ಯಾಟ್. ವೇಗ ಇಮ್ಮಡಿಯಾದಾಗ ಸಾಮರ್ಥ್ಯ ಎಂಟು ಪಟ್ಟಾಗುವುದರಿಂದಲೇ ಇಷ್ಟು ಅಂತರ. ಇದನ್ನೆಲ್ಲ ಪೂರ್ತಿ ಹಿಂಡಿಕೊಳ್ಳಲಾಗದು. ಗಾಳಿಯ ಓಟವನ್ನು ಪೂರ್ಣ ನಿಲ್ಲಿಸಿದರೆ ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಎಷ್ಟೇ ಚೆನ್ನಾಗಿ ಕಟ್ಟಿದ ಯಂತ್ರವೂ ಶೇಕಡಾ 59.3ಕ್ಕಿಂತ ಹೆಚ್ಚು ಪಡೆಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದಾರೆ. ಮನೆಯಲ್ಲಿ ಮಾಡಿದ ಮಾದರಿಗೆ ನೂರಕ್ಕೆ ಐದು ದಕ್ಕಿದರೂ ಅದು ಒಳ್ಳೆಯ ಕೆಲಸ.

ಅಲಗಿಗೆ ಕರಾವಳಿಯಲ್ಲಿ ಅಡಿಕೆ ಹಾಳೆಗಿಂತ ಉತ್ತಮ ವಸ್ತು ಸಿಗುವುದು ಕಷ್ಟ. ಹಗುರ, ಗಟ್ಟಿ, ಹಣ ಕೊಡಬೇಕಿಲ್ಲ. ಥರ್ಮೊಕೋಲು ಮುರಿಯುತ್ತದೆ, ರಟ್ಟು ತೇವಕ್ಕೆ ಬಾಗುತ್ತದೆ. ಹಾಳೆ ಮರದ ಕಾಂಡವನ್ನು ಸುತ್ತಿಕೊಂಡು ಬೆಳೆಯುವುದರಿಂದ ಅದಕ್ಕೆ ಅಡ್ಡಗಲಕ್ಕೆ ಹುಟ್ಟಿನಿಂದಲೇ ಒಂದು ಬಾಗು ಇರುತ್ತದೆ, ಅಲಗಿಗೆ ಬೇಕಾದದ್ದೂ ಅದೇ ಬಾಗು. ನಾರು ಓಡುವ ದಿಕ್ಕಿನಲ್ಲೇ ಉದ್ದ ಬರುವಂತೆ 20 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಆರು ತುಂಡುಗಳನ್ನು ಕತ್ತರಿಸಬೇಕು. ನಾರಿಗೆ ಅಡ್ಡಲಾಗಿ ಕತ್ತರಿಸಿದ ಅಲಗು ಮೊದಲ ಬಿರುಗಾಳಿಗೇ ಸೀಳಿಹೋಗುತ್ತದೆ. ತುಂಡುಗಳನ್ನು ನೀರಿನಲ್ಲಿ ನೆನೆಸಿ ಮೆದುವಾದ ಮೇಲೆ ಒಂದೇ ಗಾತ್ರದ ಬಾಟಲಿಗಳಿಗೆ ಒತ್ತಿ ಕಟ್ಟಿ ಒಣಗಿಸಿದರೆ ಆರಕ್ಕೂ ಸಮನಾದ ಬಾಗು ಬರುತ್ತದೆ. ಚೆನ್ನಾಗಿ ಒಣಗದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೆಳುವಾಗಿ ವಾರ್ನಿಶ್ ಬಳಿದರೆ ಒಂದು ಮಳೆಗಾಲ ತಡೆಯುತ್ತದೆ.

ನಡುವಿನ ಗುಂಬಕ್ಕೆ ಸವೆದ ಹವಾಯಿ ಚಪ್ಪಲಿಯ ರಬ್ಬರು ಸಾಕು. ಅದರಿಂದ ಎರಡು ಬಿಲ್ಲೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಅಂಚಿನಲ್ಲಿ ಸಮ ದೂರಕ್ಕೆ ಆರು ತೂತು ಮಾಡಿ, ಅಲಗುಗಳ ಬೆನ್ನಿಗೆ ಕಟ್ಟಿದ ಬಿದಿರ ಕಡ್ಡಿಗಳನ್ನು ಅವುಗಳಲ್ಲಿ ಬಿಗಿಯಾಗಿ ತೂರಿಸಬೇಕು. ರಬ್ಬರು ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ, ಆದರೂ ಕೈಯಿಂದ ತಿರುವಿ ಅಲಗಿನ ಓರೆಯನ್ನು ಬದಲಿಸಬಹುದು. ಈ ಅನುಕೂಲ ಮುಂದೆ ಬೇಕಾಗುತ್ತದೆ. ಅಚ್ಚು ಸೈಕಲ್ ಚಕ್ರದ ನೇರ ಕಡ್ಡಿ. ಅದು ತಿರುಗುವ ಗೂಡು ಖಾಲಿ ಬಾಲ್‌ಪೆನ್ನಿನ ಕೊಳವೆ. ಗುಂಬಕ್ಕೂ ಕೊಳವೆಗೂ ನಡುವೆ ಒಂದು ಗಾಜಿನ ಮಣಿ ಪೋಣಿಸಿದರೆ ಗಾಳಿಯ ಒತ್ತಡದಿಂದ ಬರುವ ಉಜ್ಜಾಟ ಬಹಳ ಕಡಿಮೆಯಾಗುತ್ತದೆ. ಎಣ್ಣೆ ಹಾಕುವುದಾದರೆ ಹೊಲಿಗೆಯಂತ್ರದ್ದೇ ಆಗಬೇಕು. ತೆಂಗಿನೆಣ್ಣೆ ಬರಬರುತ್ತ ಅಂಟಾಗಿ ಅಚ್ಚನ್ನು ಹಿಡಿಯುತ್ತದೆ. ಕೊಳವೆಯನ್ನು ಒಂದು ಪಟ್ಟಿಗೆ ಕಟ್ಟಿ, ಪಟ್ಟಿಯ ಹಿಂತುದಿಗೆ ಹಾಳೆಯ ಬಾಲ ಸಿಕ್ಕಿಸಿ, ನಡುವೆ ಮೊಳೆ ಹೊಡೆದು ಬಿದಿರ ಕಂಬದ ಮೇಲೆ ಸಡಿಲವಾಗಿ ಕೂರಿಸಿದರೆ ಚಕ್ರ ತಾನಾಗಿಯೇ ಗಾಳಿಗೆ ಮುಖ ಮಾಡುತ್ತದೆ. ಕಂಬದ ಬುಡಕ್ಕೆ ಮರಳು ತುಂಬಿದ ಡಬ್ಬಿ.

ಅಲಗಿನ ಓರೆಯಲ್ಲಿ ಮಾದರಿಯ ಜೀವವಿದೆ. ಚಕ್ರದ ಸಮತಲದಿಂದ 45 ಡಿಗ್ರಿ ಓರೆಯಿಟ್ಟರೆ ಮೆಲುಗಾಳಿಗೂ ತಿರುಗತೊಡಗುತ್ತದೆ, ಆದರೆ ವೇಗ ಏರುವುದಿಲ್ಲ. 15ರಿಂದ 20 ಡಿಗ್ರಿಗೆ ತಂದರೆ ಶುರುವಾಗಲು ಹೆಚ್ಚು ಗಾಳಿ ಬೇಕು, ಒಮ್ಮೆ ಶುರುವಾದರೆ ಜೋರಾಗಿ ಓಡುತ್ತದೆ. ಭಾರ ಎತ್ತಲು ಇವೆರಡರ ನಡುವಿನ ಓರೆ ಒಳ್ಳೆಯದು. ಅಲಗುಗಳ ಸಂಖ್ಯೆಯದೂ ಇದೇ ತತ್ವ. ಬಾವಿಯ ನೀರೆತ್ತುವ ಯಂತ್ರಗಳಿಗೆ ಹಲವು ಅಲಗುಗಳಿರುವುದು ತಿರುಚುಬಲ ಬೇಕೆಂದು; ಚಿತ್ರದುರ್ಗದ ಜೋಗಿಮಟ್ಟಿಯಲ್ಲೂ ಗದಗದ ಕಪ್ಪತಗುಡ್ಡದಲ್ಲೂ ಕಾಣುವ ವಿದ್ಯುತ್ ಯಂತ್ರಗಳಿಗೆ ಮೂರೇ ಅಲಗು, ಅಲ್ಲಿ ಬೇಕಾದದ್ದು ವೇಗ. ಚಕ್ರ ಸಿದ್ಧವಾದ ಮೇಲೆ ಮನೆಯೊಳಗೆ ಗಾಳಿಯಿಲ್ಲದ ಕಡೆ ಅದನ್ನು ಮೆಲ್ಲಗೆ ತಿರುಗಿಸಿ ಬಿಡಬೇಕು. ಪ್ರತಿ ಸಲವೂ ಒಂದೇ ಅಲಗು ಕೆಳಗೆ ಬಂದು ನಿಂತರೆ ಅದು ಭಾರ ಹೆಚ್ಚಿನದು. ಎದುರಿನ ಅಲಗಿಗೆ ತುಸು ಮೇಣ ಮೆತ್ತಿ ಸರಿದೂಗಿಸಬೇಕು. ಈ ಹಂತವನ್ನು ಬಿಟ್ಟ ಮಾದರಿ ಜೋರುಗಾಳಿಯಲ್ಲಿ ನಡುಗಿ ಕಳಚಿಕೊಳ್ಳುತ್ತದೆ.

ಗಾಳಿಯ ದಿಕ್ಕು ಹುಡುಕುವ ತಂಟೆಯೇ ಬೇಡವೆನ್ನುವವರಿಗೆ ನೆಟ್ಟಗೆ ನಿಂತ ಅಚ್ಚಿನ ಯಂತ್ರವಿದೆ. ಪ್ಲಾಸ್ಟಿಕ್ ಬಾಟಲಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಒಂದಕ್ಕೊಂದು ವಿರುದ್ಧ ಮುಖವಾಗಿ, ಒಳ ಅಂಚುಗಳು ತುಸು ಒಂದರೊಳಗೊಂದು ಸೇರುವಂತೆ ಎರಡು ಹಳೆಯ ಸಿಡಿಗಳ ನಡುವೆ ಅಂಟಿಸಿದರೆ ಫಿನ್ಲೆಂಡಿನ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ ಚಕ್ರದ ಕಿರುರೂಪ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಇದೇ ಚಕ್ರಕ್ಕೆ ಬಟ್ಟೆಯ ಹಾಯಿ ಕಟ್ಟಿ, ಕಡಿಮೆ ಖರ್ಚಿನಲ್ಲಿ ನೀರೆತ್ತುವ ಯಂತ್ರವನ್ನು ರೂಪಿಸಿ 1979ರಲ್ಲಿ ಅದರ ವಿವರ ಪ್ರಕಟಿಸಿದರು. ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಹರಿವನ್ನು ಅರಿತ ವಿಜ್ಞಾನಿಗಳು ರೈತನ ನೀರಿಗಾಗಿ ಬಟ್ಟೆಯನ್ನು ಆರಿಸಿದರು ಎಂಬುದು ಹಂಗಾರಕಟ್ಟೆಯ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ. ಹಳೆಯ ಲುಂಗಿಯ ಬಟ್ಟೆಯನ್ನು ಕೀಳಾಗಿ ಕಾಣಬೇಕಿಲ್ಲ.

ಇನ್ನು ಮುಖ್ಯವಾದ ಮಾತು. ಶಾಲಾ ಪ್ರದರ್ಶನಗಳಲ್ಲಿ ಕಾಣುವ ಗಾಳಿಯಂತ್ರಗಳಲ್ಲಿ ಕೆಲವಕ್ಕೆ ಬೆನ್ನ ಹಿಂದೆ ಒಂದು ಮೋಟಾರೂ ಬುಡದಲ್ಲಿ ಬ್ಯಾಟರಿಯೂ ಅಡಗಿರುತ್ತವೆ. ಗುಂಡಿ ಒತ್ತಿದರೆ ಅಲಗು ತಿರುಗುತ್ತದೆ, ಪಕ್ಕದ ಪುಟ್ಟ ಮನೆಯಲ್ಲಿ ದೀಪ ಹತ್ತುತ್ತದೆ. ಅದು ಗಾಳಿಯಂತ್ರವಲ್ಲ, ಫ್ಯಾನು. ಅದನ್ನು ಮಾಡಿದ ಮಗು ಗಾಳಿಯ ಬಗ್ಗೆ ಒಂದನ್ನೂ ಕಲಿಯುವುದಿಲ್ಲ, ನೋಡಿದ ಮಗು ತಪ್ಪನ್ನು ಕಲಿಯುತ್ತದೆ. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಭಾಗಗಳನ್ನು ಜೋಡಿಸಿದ ಮಾದರಿ ಅಷ್ಟು ಕೆಟ್ಟದ್ದಲ್ಲ, ಆದರೆ ಅಲ್ಲಿ ಓರೆ, ಬಾಗು, ತೂಕ ಎಲ್ಲವನ್ನೂ ಬೇರೆ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ತೀರ್ಪುಗಾರರು ಬಣ್ಣಕ್ಕೂ ಭಾಷಣಕ್ಕೂ ಅಂಕ ಕೊಡುವುದನ್ನು ಕಡಿಮೆ ಮಾಡಿ, ಮಾದರಿಯನ್ನು ಅಂಗಳಕ್ಕೆ ಒಯ್ದು ಗಾಳಿಗೆ ಹಿಡಿಯಬೇಕು. ತಿರುಗದಿದ್ದರೂ ಯಾಕೆ ತಿರುಗಲಿಲ್ಲವೆಂದು ಹೇಳಬಲ್ಲ ಮಗು ಬಹುಮಾನಕ್ಕೆ ಅರ್ಹ.

ಕೆಲಸವನ್ನು ಅಳೆಯುವುದು ಸುಲಭ. ಅಚ್ಚಿನ ಹಿಂತುದಿಗೆ ದಾರ ಕಟ್ಟಿ, ದಾರದ ಕೊನೆಗೆ 50 ಮಿಲಿಲೀಟರ್ ನೀರು ತುಂಬಿದ ಹಗುರ ಬಾಟಲಿಯನ್ನು ತೂಗಬಿಡಬೇಕು. ಆ ನೀರಿನ ತೂಕ 50 ಗ್ರಾಂ. ಅದು ಒಂದು ಮೀಟರ್ ಏರಲು 5 ಸೆಕೆಂಡ್ ಹಿಡಿದರೆ ಯಂತ್ರ ಸುಮಾರು ಒಂದು ವ್ಯಾಟಿನ ಹತ್ತನೆಯ ಒಂದು ಭಾಗದಷ್ಟು ದುಡಿಯಿತು. ರಬ್ಬರು ಗುಂಬದಲ್ಲಿ ಅಲಗುಗಳ ಓರೆಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ ಮತ್ತೆ ಮತ್ತೆ ಅಳೆದು ಬರೆದಿಟ್ಟರೆ ಅತ್ಯುತ್ತಮ ಓರೆ ತಾನೇ ಕಾಣಿಸುತ್ತದೆ. ಗಾಳಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪ್ರತಿ ಓರೆಗೂ ಹಲವು ಅಳತೆಗಳ ಸರಾಸರಿ ಬೇಕು.

ದೀಪ ಹತ್ತಿಸುವುದು ಇದಕ್ಕಿಂತ ಕಷ್ಟ, ಕಾರಣ ವೇಗ. ಈ ಗಾತ್ರದ ಚಕ್ರ ಹದವಾದ ಗಾಳಿಯಲ್ಲಿ ನಿಮಿಷಕ್ಕೆ 200ರಿಂದ 300 ಸುತ್ತು ಹಾಕೀತು. ಆಟಿಕೆಯ ಮೋಟಾರು 3 ವೋಲ್ಟ್ ಕೊಡಲು ಸಾವಿರಾರು ಸುತ್ತು ಬೇಡುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು. ಹಾಳಾದ ಟೇಪ್ ರೆಕಾರ್ಡರಿನ 12 ವೋಲ್ಟ್ ಮೋಟಾರು ನಿಧಾನದಲ್ಲೂ ಹೆಚ್ಚು ವೋಲ್ಟ್ ಕೊಡುತ್ತದೆ. ಅಚ್ಚಿಗೆ ಸಿಡಿಗಳಿಂದ ಮಾಡಿದ ದೊಡ್ಡ ರಾಟೆಯನ್ನೂ ಮೋಟಾರಿಗೆ ಪುಟ್ಟ ರಾಟೆಯನ್ನೂ ಹಾಕಿ ದಾರದ ಬೆಲ್ಟಿನಿಂದ ಜೋಡಿಸಿದರೆ ದೀಪ ಹತ್ತುತ್ತದೆ. ದಪ್ಪ ರಬ್ಬರ್ ಬ್ಯಾಂಡ್ ಬೇಡ, ಅದನ್ನು ಎಳೆದು ಬಗ್ಗಿಸುವುದರಲ್ಲೇ ಬಹಳಷ್ಟು ಶಕ್ತಿ ಹೋಗುತ್ತದೆ. ಎಲ್‌ಇಡಿ ಹತ್ತದಿದ್ದರೆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಬೇಕು.

ಮಾದರಿಯನ್ನು ನಿಲ್ಲಿಸುವ ಜಾಗಕ್ಕೂ ಗಮನ ಬೇಕು. ತೆಂಗಿನ ತೋಟದ ನಡುವೆ, ಮನೆಯ ಗೋಡೆಯ ಮರೆಯಲ್ಲಿ ಗಾಳಿ ಸುಳಿಯಾಗಿ ಒಡೆದಿರುತ್ತದೆ. ಅಡ್ಡಿಯಿಂದ ಗಾಳಿ ಹೋಗುವ ಕಡೆಗೆ ಅದರ ಎತ್ತರದ ಹತ್ತಿಪ್ಪತ್ತು ಪಟ್ಟು ದೂರದವರೆಗೂ ಈ ಕದಡು ಉಳಿಯುತ್ತದೆ. ನೀರಿನ ಮೇಲಿಂದ ತಡೆಯಿಲ್ಲದೆ ಬರುವ ಗಾಳಿ ಸಿಗುವುದು ಅಳಿವೆಯ ದಂಡೆಯಲ್ಲಿ. ಮಾಡಿನ ಮೇಲಾಗಲಿ ವಿದ್ಯುತ್ ತಂತಿಯ ಹತ್ತಿರವಾಗಲಿ ನಿಲ್ಲಿಸಬಾರದು. ತಿರುಗುವ ಚಕ್ರದ ಮಟ್ಟಕ್ಕೆ ಮಕ್ಕಳ ಮುಖ ಬರದಂತೆ ಕಂಬ ಎತ್ತರವಿರಬೇಕು. ಮಳೆಗಾಲದ ಬಿರುಗಾಳಿಗೆ ಚಕ್ರವನ್ನು ಕಳಚಿಡುವುದೇ ಸರಿ. ಉಪ್ಪುಗಾಳಿ ಸೈಕಲ್ ಕಡ್ಡಿಗೆ ತುಕ್ಕು ಹಿಡಿಸುತ್ತದೆ, ಮೋಟಾರಿನ ಒಳಗೂ ನುಸುಳುತ್ತದೆ. ದಂಡೆಯಿಂದ ತಂದ ಮೇಲೆ ಅಚ್ಚನ್ನು ಒರಸಿ ಎಣ್ಣೆ ಹಾಕಿ, ಮೋಟಾರನ್ನು ಬಿಚ್ಚಿ ಒಣ ಡಬ್ಬಿಯಲ್ಲಿಡಬೇಕು.